ಇನ್ನೂರು ಎಂದರೆ ಎಷ್ಟು?

“ಬಟ್ಟೆಬರೆ ತಂದಿಲ್ವಾ ಮೇಡಂ? ತಟ್ಟೆ, ಲೋಟ?”

ಕಳೆದ ಮಂಗಳವಾರ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ನನ್ನ ಅಕ್ಕ ಸರೋಜಳಿಗೆ ಎದುರಾದ ಪ್ರಶ್ನೆ ಇದು. ಕೇಳಿದವರು ನಂಜುಂಡಯ್ಯ, ಅಲ್ಲಿ ವಿಕಿರಣದ ಔಷಧಿಯನ್ನು ಅಳೆದು ಕೊಡುವ ಟೆಕ್ನಿಷಿಯನ್. ನಾವಾದರೋ ಬಸವೇಶ್ವರನಗರದಿಂದ ಬಸ್ಸಿನಲ್ಲಿ ಕೈಬೀಸಿಕೊಂಡು ಹೋಗಿದ್ದೆವು. ಔಷಧಿ ಕುಡಿದು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದೆಂದು ವೈದ್ಯರೇ ಹೇಳಿದ್ದರಲ್ಲ?

ಅಕ್ಕನದು ಥೈರಾಯ್ಡ್ ಗ್ರಂಥಿ ಮಿತಿಮೀರಿ ದುಡಿಯುವ ಕಾಯಿಲೆ. ರಾಜಾಜಿನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳ ಕೈಯಲ್ಲಿ ಈಚೆಗೆ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ವಿಕಿರಣಶೀಲ ಅಯೋಡಿನ್ ಸ್ವಲ್ಪ ಕುಡಿದರೆ ಗ್ರಂಥಿ ಹದಕ್ಕೆ ಬರುತ್ತದೆ. ಸ್ವಲ್ಪ. ಆ ಮಾತನ್ನು ನೆನಪಿಡಿ.

ನಂಜುಂಡಯ್ಯ ವೈದ್ಯರ ಚೀಟಿಯನ್ನು ಮತ್ತೊಮ್ಮೆ ನೋಡಿದರು. ಅಕ್ಕನ ಮುಖ ನೋಡಿದರು. ಅವಳನ್ನು ಕೂರಲು ಹೇಳಿ, ನನ್ನನ್ನು ಬಾಗಿಲಾಚೆ ಕರೆದೊಯ್ದರು.

“ಸಾರ್, ಅವ್ರಿಗೆ ಗೊತ್ತಿಲ್ವಾ?”

“ಏನು?”

“ಚೀಟೀಲಿ ಇನ್ನೂರು ಅಂತಿದೆ. ಇದು ಕ್ಯಾನ್ಸರ್ ಇರೋರಿಗೆ ಕೊಡೋ ಡೋಸು. ಕುಡಿದ್ಮೇಲೆ ನಾಕೈದು ದಿನ ಒಂಟಿ ರೂಮಲ್ಲಿ ಇಡ್ತೀವಿ, ಯಾರನ್ನೂ ಹತ್ರ ಬಿಡಲ್ಲ.” ದನಿ ಇನ್ನೂ ತಗ್ಗಿತು. “ನಾನೇನೂ ಬಾಯಿಬಿಡಲ್ಲ, ಯೋಚ್ನೆ ಮಾಡ್ಬೇಡಿ. ಎಷ್ಟೋ ಮನೆಯೋರು ಹೇಳಿರೋದೇ ಇಲ್ಲ.”

ಓದುಗರೇ, ತನ್ನ ರೋಗವೇನೆಂದು ತಿಳಿಯುವ ಹಕ್ಕು ರೋಗಿಗಿದೆ ಎಂದು ಇದೇ ಅಂಕಣದಲ್ಲಿ ಎರಡು ಬಾರಿ ಬರೆದವನು ನಾನು. (ಮೆಚ್ಚಿ ಬಂದ ಪತ್ರಗಳನ್ನು ಜೋಪಾನವಾಗಿ ಇಟ್ಟಿದ್ದೇನೆ.) ಆ ಕ್ಷಣ ನಾನು ಮಾಡಿದ್ದೇನು? ವೈದ್ಯರು ಭಾವನಿಗೆ ಹೇಳಿರಬೇಕು, ಭಾವ ನಮ್ಮಿಂದ ಮುಚ್ಚಿಟ್ಟಿರಬೇಕು ಎಂದುಕೊಂಡೆ. “ಅವಳಿಗೆ ಹೇಳಬೇಡಿ” ಎಂದೆ.

ಒಳಗೆ ಬಂದ ನಂಜುಂಡಯ್ಯ ಸೀಸದ ಇಟ್ಟಿಗೆಗಳ ಹಿಂದೆ ಕೈಹಾಕಿ ಉದ್ದನೆಯ ಇಕ್ಕಳದಿಂದ ಸೀಸೆಯನ್ನೆತ್ತಿದರು. ಬೊಂಬಾಯಿಯಿಂದ ಆ ಬೆಳಿಗ್ಗೆಯಷ್ಟೇ ಬಂದಿದ್ದ, ವಾರದ ರೋಗಿಗಳೆಲ್ಲರ ಪಾಲಿನ ಔಷಧಿ. ಇನ್ನೂರಕ್ಕೆ ಏನೂ ಕೊರತೆಯಿರಲಿಲ್ಲ.

“ಆ ಚೀಟಿ ಒಂಚೂರು ಕೊಡಿ ಸಾರ್” ಎಂದಳು ಅಕ್ಕ. ಓದಿದಳು. “ಇನ್ನೂರು ಏನು?”

“ಡೋಸು ಮೇಡಂ.”

“ಅದೇ, ಇನ್ನೂರು ಏನು? ಯೂನಿಟ್ ಬರೆದಿಲ್ವಲ್ಲ.”

“ಮಿಲಿಕ್ಯೂರಿ. ಇಲ್ಲೆಲ್ಲಾ ಮಿಲಿಕ್ಯೂರೀನೇ. ಯಾವತ್ತೂ ಯಾರೂ ಬರೆಯಲ್ಲ.”

“ಅಕ್ಕ, ಬಿಡೇ, ಅವ್ರಿಗೆ ಗೊತ್ತಿರುತ್ತೆ.” ಹೀಗೆಂದವನೂ ನಾನೇ.

“ಸುಮ್ನಿರೋ. ಯೂನಿಟ್ ಬರೀದಿದ್ರೆ ಎಂಟನೇ ಕ್ಲಾಸ್ ಮಕ್ಳಿಗೇ ಅರ್ಧ ಮಾರ್ಕ್ಸ್ ಕಟ್ ಮಾಡ್ತೀನಿ. ಡಾಕ್ಟ್ರಿಗೆ ಫೋನ್ ಮಾಡಿ ಸಾರ್, ಆಮೇಲೆ ಕುಡೀತೀನಿ.”

ನಂಜುಂಡಯ್ಯ ಬೇಸರದಿಂದಲೇ ಇಕ್ಕಳ ಇಳಿಸಿ ಮೇಲಿನ ಮಹಡಿಗೆ ಫೋನು ಮಾಡಿದರು. ಇನ್ನೂರು ಮಿಲಿಕ್ಯೂರಿ ತಾನೇ ಸಾರ್ ಎಂದರು. ಅತ್ತಲಿಂದ ಬಂದ ಉತ್ತರವನ್ನು ಎರಡು ಸಲ ಹೇಳಿಸಿಕೊಂಡರು. ವಿದೇಶದಲ್ಲಿ ತರಬೇತಿ ಮುಗಿಸಿ ಬಂದ ಕಿರಿಯ ವೈದ್ಯರು ಹೊಸ ಮಾನದಲ್ಲಿ ಬರೆದಿದ್ದರು: ಇನ್ನೂರು ಮೆಗಾಬೆಕರೆಲ್.

ವ್ಯತ್ಯಾಸವೆಷ್ಟು? ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕರೆಲ್. ಹತ್ತು ಲಕ್ಷ ಒಡೆದರೆ ಒಂದು ಮೆಗಾಬೆಕರೆಲ್. ಹಳೆಯ ಮಿಲಿಕ್ಯೂರಿಯಲ್ಲಿ ಸೆಕೆಂಡಿಗೆ ಒಡೆಯುವುದು ಮೂರು ಕೋಟಿ ಎಪ್ಪತ್ತು ಲಕ್ಷ. ಅಂದರೆ ಒಂದು ಮಿಲಿಕ್ಯೂರಿ ಮೂವತ್ತೇಳು ಮೆಗಾಬೆಕರೆಲ್‌ಗೆ ಸಮ. ಅಕ್ಕ ಚೀಟಿಯ ಬೆನ್ನಿನ ಮೇಲೆ ನಡುಗುವ ಕೈಯಿಂದಲೇ ಭಾಗಿಸಿದಳು. ಅವಳಿಗೆ ಬೇಕಿದ್ದುದು ಐದೂವರೆ ಮಿಲಿಕ್ಯೂರಿಗೂ ಕಡಿಮೆ. ಲೋಟಕ್ಕೆ ಬೀಳಲಿದ್ದುದು ಅದರ ಮೂವತ್ತೇಳು ಪಟ್ಟು.

ನಂಜುಂಡಯ್ಯ ಸೀಸೆಯನ್ನು ಮತ್ತೆ ಇಟ್ಟಿಗೆಗಳ ಹಿಂದಕ್ಕೆ ಸರಿಸಿದರು. ವೈದ್ಯರು ಮೆಟ್ಟಿಲಿಳಿದು ಓಡಿಬಂದು, ಮಾನವನ್ನೂ ಬರೆದು, ಸಹಿ ಹಾಕಿ, ಎದುರಿಗೇ ನಿಂತು ಅಳೆಸಿದರು. ಅಕ್ಕ ಕುಡಿದಳು.

ತಪ್ಪು ಯಾರದು? ಮಾನ ಬರೆಯದ ವೈದ್ಯರದು. ಇಪ್ಪತ್ತು ವರ್ಷದ ರೂಢಿಯನ್ನೇ ನಿಯಮವೆಂದು ನಂಬಿದ ನಂಜುಂಡಯ್ಯನವರದು. ಅಳತೆ ಬದಲಾದರೂ ಗೋಡೆಗೊಂದು ಪರಿವರ್ತನೆಯ ಪಟ್ಟಿ ತೂಗುಹಾಕದ ಆಡಳಿತದ್ದು. ಇವರೆಲ್ಲರಿಗೂ ನಾನು ಪತ್ರ ಬರೆದಿದ್ದೇನೆ, ಪ್ರತಿ ಇಟ್ಟುಕೊಂಡಿದ್ದೇನೆ.

ಆದರೆ ಅನುಮಾನ ಹುಟ್ಟಬೇಕಾದ ಜಾಗವೊಂದಿತ್ತು. ಕ್ಯಾನ್ಸರಿನ ಡೋಸು ಪಡೆಯಲು ಬಂದವಳಿಗೆ ಕ್ಯಾನ್ಸರಿನ ಸುದ್ದಿಯೇ ತಿಳಿದಿಲ್ಲ! ಬೇರೆ ಯಾವ ನಾಡಿನಲ್ಲಾದರೂ ಟೆಕ್ನಿಷಿಯನ್ ಅಲ್ಲಿಗೇ ಕೈ ತಡೆಯುತ್ತಿದ್ದರೇನೋ. ನಮ್ಮಲ್ಲಿ ಅದು ಸಹಜ. ರೋಗಿಗೆ ಹೇಳದಿರುವುದು ನಮಗೆ ಪ್ರೀತಿ. ಆ ಪ್ರೀತಿಯ ಮರೆಯಲ್ಲಿಯೇ ಇಕ್ಕಳ ಸೀಸೆಯನ್ನೆತ್ತಿತು.

ಹಿಂದಿರುಗುವಾಗ ಮಾಗಡಿ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಔಷಧಿ ಮೈಯಲ್ಲಿದ್ದುದರಿಂದ ಅಕ್ಕ ವೈದ್ಯರು ಹೇಳಿದಂತೆ ಎಲ್ಲರಿಂದ ದೂರ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕುಳಿತಿದ್ದಳು.

“ಅವ್ರು ನಿನ್ನ ಆಚೆ ಕರ್ಕೊಂಡ್ಹೋಗಿ ಏನಂದ್ರೋ?” ಎಂದು ಅಲ್ಲಿಂದಲೇ ಕೇಳಿದಳು.

ಹೇಳಿದೆ, ಎಲ್ಲವನ್ನೂ.

“ಅದು ನಿಜವೇ ಆಗಿದ್ದಿದ್ರೆ, ನಂಗೆ ಯಾವಾಗ ಹೇಳ್ತಿದ್ದೆ?”