ಕತ್ತಿನ ಹಿಂದಿನ ಕಪ್ಪು

ಇವತ್ತು ಬೆಳಿಗ್ಗೆ ಹುರಿಗಡಲೆ ಹುಡುಕಲು ಹೋಗಿ ಕಡ್ಲೆಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದುಬಿಟ್ಟೆ. ಹಸಿ ಕಡ್ಲೆಹಿಟ್ಟಿನ ವಾಸನೆ ನಿಮಗೆ ಬೋಂಡಾವನ್ನೋ ಮೈಸೂರುಪಾಕನ್ನೋ ನೆನಪಿಸಬಹುದು. ನನಗೆ ಮಾತ್ರ ಅದು ನಮ್ಮತ್ತೆಯನ್ನೂ, ಬಚ್ಚಲಿನಲ್ಲಿ ತಲೆ ತಗ್ಗಿಸಿ ಕೂತ ನನ್ನ ಮಗಳನ್ನೂ ಕಣ್ಣೆದುರು ತಂದು ನಿಲ್ಲಿಸುತ್ತದೆ. ವರ್ಷಗಳಾದವು. ಆದರೂ ಮುಚ್ಚಳವನ್ನು ತಕ್ಷಣ ಮುಚ್ಚಿಬಿಟ್ಟೆ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಹಿಂದಿನದರಲ್ಲಿ ನಾವು. ಈ ಬೀದಿಯವರು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಮಗ್ಗದ ಸದ್ದು ಮೀರಿಸಿ ಕೂಗಿ ಕೂಗಿ ಅಭ್ಯಾಸವಾಗಿ, ಸಾವಿನ ಮನೆಯಲ್ಲೂ ನಾವು ಕೂಗಿಯೇ ಸಮಾಧಾನ ಹೇಳುತ್ತೇವೆ. ಮಗ್ಗ ನನ್ನ ಗಂಡನದು. ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುವುದು ಅತ್ತೆ ಯಶೋದಮ್ಮನವರ ಕೆಲಸವಾಗಿತ್ತು. ನಾನು ಬಾಶೆಟ್ಟಿಹಳ್ಳಿಯ ಗಾರ್ಮೆಂಟ್ಸಿಗೆ ಹೋಗುತ್ತೇನೆ. ಶರ್ಟಿನ ಕಾಲರ್ ಹೊಲಿಗೆ ಸರಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಯಾರದೋ ಕತ್ತಿಗೆ ಹೋಗುವ ಕಾಲರನ್ನು ದಿನವಿಡೀ ತಿರುಗಿಸಿ ತಿರುಗಿಸಿ ನೋಡುವವಳು ನಾನು.

ಮಗಳು ಚಂದನ ಆಗ ನಾಲ್ಕನೇ ಕ್ಲಾಸು. ಅವಳು ಸ್ಕೂಲಿಂದ ಬರುವ ಹೊತ್ತಿಗೆ ನಾನು ಶಿಫ್ಟಿನಲ್ಲಿ, ಅಪ್ಪ ಮಗ್ಗದ ಮುಂದೆ. ಓಡುವ ಮಗ್ಗದ ಹತ್ತಿರ ಮಗು ಸುಳಿಯಬಾರದು, ಬೀದಿಯಲ್ಲಿ ಗಾಡಿಗಳ ಓಡಾಟ. ಹಾಗಾಗಿ ಅತ್ತೆ ಅವಳ ಕೈಗೊಂದು ಪ್ಯಾಕೆಟ್ಟು, ಎದುರಿಗೊಂದು ಟಿವಿ ಕೊಟ್ಟು ಅಡುಗೆಮನೆ ಬಾಗಿಲಲ್ಲಿ ಕೂರಿಸುತ್ತಿದ್ದರು. ಚಿಪ್ಸು, ಕ್ರೀಮ್ ಬನ್ನು, ಬಣ್ಣದ ಜ್ಯೂಸು. ಬೀದಿಯ ಪ್ರತಿ ಅಂಗಡಿಯ ಮುಂದೆಯೂ ಅವು ಮದುವೆಮನೆ ತೋರಣದ ಹಾಗೆ ನೇತಾಡುತ್ತಿದ್ದವು, ಮಗುವಿನ ಕೈಗೆ ಎಟುಕುವಷ್ಟು ಕೆಳಗೆ.

ಅತ್ತೆಗೆ ಮೊಮ್ಮಗಳ ದುಂಡು ಕೆನ್ನೆ ಎಂದರೆ ಹೆಮ್ಮೆ. ಅದಕ್ಕೊಂದು ಕಾರಣವಿತ್ತು. ನನ್ನ ಗಂಡನಿಗಿಂತ ಮೊದಲು ಅವರಿಗೊಂದು ಹೆಣ್ಣುಮಗು ಹುಟ್ಟಿ, ಒಣಗಿ ಒಣಗಿ, ನಡೆಯುವುದನ್ನು ಕಲಿಯುವ ಮೊದಲೇ ಹೋಗಿಬಿಟ್ಟಿತ್ತು. "ಕೈ ಹಿಡ್ಕೊಂಡ್ರೆ ಕಡ್ಡಿ ಹಿಡ್ಕೊಂಡಂಗಿತ್ತು ಕಣಮ್ಮ," ಎಂದು ಒಂದೇ ಒಂದು ಸಲ ನನಗೆ ಹೇಳಿದ್ದರು. ಅಂಥವರ ಮುಂದೆ ತೂಕದ ಮಾತೆತ್ತಲು ಯಾರಿಗೆ ಬಾಯಿ ಬರುತ್ತದೆ?

ಅವರಿಗಿದ್ದ ಒಂದೇ ಕೊರಗು ಚಂದನಳ ಕತ್ತು. ಹಿಂಭಾಗದಲ್ಲಿ ಕಪ್ಪನೆಯ ಪಟ್ಟಿ, ಮುಟ್ಟಿದರೆ ವೆಲ್ವೆಟ್ಟಿನ ಹಾಗೆ. ಕೊಳೆ ಎಂದೇ ನಾವೆಲ್ಲ ತಿಳಿದಿದ್ದೆವು. ಭಾನುವಾರ ಬಂತೆಂದರೆ ಅತ್ತೆ ಕಡ್ಲೆಹಿಟ್ಟಿಗೆ ನಿಂಬೆರಸ ಹಿಂಡಿಕೊಂಡು ಬಚ್ಚಲಿಗೆ ಇಳಿಯುತ್ತಿದ್ದರು. ಮಗು ಕಿರುಚುತ್ತಿತ್ತು. ಚರ್ಮ ಕೆಂಪಾಗುತ್ತಿತ್ತೇ ಹೊರತು ಕಪ್ಪು ಹೋಗುತ್ತಿರಲಿಲ್ಲ. ಸ್ಕೂಲಿನಲ್ಲಿ ಯಾರೋ "ಸ್ನಾನ ಮಾಡಲ್ವಾ?" ಅಂದಮೇಲೆ ಅವಳು ಬೇಸಿಗೆಯಲ್ಲೂ ಜಡೆ ಬಿಚ್ಚಿ ಕತ್ತಿನ ಮೇಲೆ ಹರಡಿಕೊಳ್ಳುತ್ತಿದ್ದಳು.

ಆ ವರ್ಷ ಬೆಂಗಳೂರಿನ ಒಂದು ಕಾಲೇಜಿನವರು ಮಕ್ಕಳ ಊಟದ ಬಗ್ಗೆ ಸಂಶೋಧನೆ ಮಾಡುತ್ತಾ ನಮ್ಮ ಕಡೆಯ ಶಾಲೆಗಳಿಗೆ ಬಂದರು. ಎತ್ತರ, ತೂಕ ನೋಡಿ, ಆಮೇಲೆ ಕೆಲವು ಮಕ್ಕಳ ಮನೆಗೂ ಬಂದರು. ನಮ್ಮ ಮನೆಗೆ ಬಂದವಳು ಶೋಭಾ, ಹೊಸಕೋಟೆ ಕಡೆಯ ಹುಡುಗಿ. ನನಗೆ ರಜೆಯ ದಿನ. ಗಂಡ ಮಗ್ಗ ನಿಲ್ಲಿಸಿದರು. ಆ ಮೌನಕ್ಕೆ ನಾವೆಲ್ಲ ಸ್ವಲ್ಪ ಗಾಬರಿಯಾದೆವು.

"ನೆನ್ನೆ ಮಗು ಏನೇನ್ ತಿಂತು ಅಜ್ಜಿ?" ಎಂದು ಕೇಳಿದಳು ಶೋಭಾ.

ಅತ್ತೆ ಸೆರಗು ಸರಿಮಾಡಿಕೊಂಡರು. "ಬೆಳಿಗ್ಗೆ ರಾಗಿ ಗಂಜಿ. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ರಾತ್ರಿ ಅನ್ನ ಮಜ್ಜಿಗೆ."

"ಅಜ್ಜೀ, ನೆನ್ನೆ ನೂಡಲ್ಸ್ ಅಲ್ವಾ? ಆಮೇಲೆ ಕ್ರೀಮ್ ಬನ್ನು?" ಎಂದಳು ಪಕ್ಕದಲ್ಲಿದ್ದ ಚಂದನ.

"ನೀನ್ ಸುಮ್ನಿರೇ. ಮಗ್ಗದ ಸದ್ದಲ್ಲಿ ಇವಳಿಗೆ ಏನ್ ತಿಂದೆ ಅನ್ನೋದೂ ಗೊತ್ತಾಗಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಶೋಭಾಳೂ ನಕ್ಕಳು. "ಬೈಯೋಕೆ ಬಂದಿಲ್ಲ ಅಜ್ಜಿ. ಸ್ಕೂಲಿಂದ ಇಲ್ಲಿಗೆ ನಡ್ಕೊಂಡೇ ಬಂದೆ. ಇಷ್ಟು ಅಂಗಡಿ ಇದಾವಲ್ಲ, ಒಂದರಲ್ಲೂ ಬಾಳೆಹಣ್ಣು ಕಾಣಿಸ್ಲಿಲ್ಲ. ಮಗು ತಾನೇ ಏನ್ ಮಾಡುತ್ತೆ?" ನಮ್ಮದೇ ಬೀದಿಯನ್ನು ಆ ಕಣ್ಣಿನಲ್ಲಿ ನಾನು ನೋಡಿರಲೇ ಇಲ್ಲ.

ಸೊಂಟದ ಅಳತೆಗೆ ಮಗು ತಿರುಗಿ ನಿಂತಾಗ ಕೂದಲು ಪಕ್ಕಕ್ಕೆ ಜಾರಿತು. ಶೋಭಾಳ ಕೈ ನಿಂತಿತು.

"ಅದು ಕೊಳೆ ಕಣಮ್ಮ, ಎಷ್ಟು ಉಜ್ಜಿದ್ರೂ ಹೋಗ್ವಲ್ದು," ಎಂದರು ಅತ್ತೆ, ನಾಚಿಕೊಂಡು.

"ಕೊಳೆ ಅಲ್ಲ ಅಜ್ಜಿ. ಉಜ್ಜಬೇಡಿ." ಆಮೇಲೆ ನನ್ನ ಕಡೆ ತಿರುಗಿ ದನಿ ಇಳಿಸಿದಳು. "ಅಕ್ಕ, ನಾನು ಡಾಕ್ಟರಲ್ಲ. ಮೈಯಲ್ಲಿ ಸಕ್ಕರೆ ಲೆಕ್ಕ ತಪ್ಪೋಕೆ ಶುರುವಾದ್ರೆ ಕೆಲವು ಮಕ್ಕಳಿಗೆ ಹಿಂಗಾಗುತ್ತೆ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿಬಿಡಿ."

ಅತ್ತೆ ಎದ್ದು ನಿಂತರು. "ಏನಂದೆ? ಹಾಲು ಕುಡಿಯೋ ಮಗೂಗೆ ಸಕ್ಕರೆ ಕಾಯಿಲೆನಾ? ಬಾಯಿಗೆ ಬಂದದ್ದು ಆಡ್ಬಿಡೋದಾ?" ಅವರ ಕೋಪ ನನಗೆ ಅರ್ಥವಾಗುತ್ತಿತ್ತು. ನಮ್ಮ ಮಾವ ಹೋದದ್ದು ಸಕ್ಕರೆ ಕಾಯಿಲೆಯಿಂದ. ವಾಸಿಯಾಗದ ಅವರ ಕಾಲಿನ ಗಾಯ ತೊಳೆದದ್ದು ಈ ಅತ್ತೆಯೇ.

ಪರೀಕ್ಷೆಯ ದಿನದವರೆಗೆ ನಾನು ಹೇಗೆ ಕೆಲಸ ಮಾಡಿದೆನೋ ಗೊತ್ತಿಲ್ಲ. ಕಾಲರ್ ತಿರುಗಿಸಿದರೆ ಕತ್ತು ಕಾಣುತ್ತಿತ್ತು. ಬಸ್ಸಿನಲ್ಲಿ ಮುಂದಿನ ಸೀಟಿನವರ ಕತ್ತನ್ನೆಲ್ಲ ಕದ್ದು ನೋಡುತ್ತಿದ್ದೆ. ಒಬ್ಬ ಹೆಂಗಸು ತಿರುಗಿ, "ಯಾಕ್ರೀ, ಸರ ಚೆನ್ನಾಗಿದೆಯಾ?" ಅಂದಳು. ಮನೆಯಲ್ಲಿ ಅತ್ತೆ ಮಾತು ಬಿಟ್ಟಿದ್ದರು. ಭಾನುವಾರ ಬಂತು, ಹೋಯಿತು. ಯಾರೂ ಹಿಟ್ಟು ಕಲಸಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಿದ್ದರು. ಅತ್ತೆ ತಾವೂ ಕಾಫಿ ಕುಡಿಯದೆ ಹೊರಟರು. ಆಸ್ಪತ್ರೆಯಲ್ಲಿ ಸೂಜಿ ಚುಚ್ಚುವಾಗ ಚಂದನ ಅಳಲಿಲ್ಲ, ಅಜ್ಜಿ ಅತ್ತರು. ಮರುದಿನ ರಿಪೋರ್ಟು ನೋಡುತ್ತಿದ್ದ ಡಾಕ್ಟರಮ್ಮ ಬಾಯಿ ತೆರೆಯುವ ಮೊದಲೇ ಅತ್ತೆ ಕೇಳಿಬಿಟ್ಟರು: "ನನ್ನಿಂದ ಬಂತಾ ತಾಯಿ? ಉಣ್ಸಿದ್ದು ನಾನೇ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಾಯಿಲೆ ಇನ್ನೂ ಬಂದಿಲ್ಲ ಅಜ್ಜಿ. ಬರೋ ದಾರೀಲಿದೆ. ವಾಪಸ್ ಕಳಿಸಬಹುದು. ಆದ್ರೆ ಮಗು ಒಂದನ್ನೇ ಪಥ್ಯಕ್ಕೆ ಹಾಕ್ಬೇಡಿ, ಮನೆಯವರೆಲ್ಲ ಒಂದೇ ಊಟ ಮಾಡಿ. ಅವಳನ್ನ ಆಡೋಕೆ ಬಿಡಿ."

ಹೊರಗೆ ಬಂದು ಅತ್ತೆಯೂ ನಾನೂ ಬೆಂಚಿನ ಮೇಲೆ ಕೂತೆವು. ಇನ್ನೂ ಬಂದಿಲ್ಲ ಎಂಬುದನ್ನು ಸಂತೋಷ ಎನ್ನಬೇಕೋ ಭಯ ಎನ್ನಬೇಕೋ ನನಗೆ ತಿಳಿಯಲಿಲ್ಲ.

ಬದಲಾದದ್ದು ಅತ್ತೆಯೇ ಮೊದಲು. ಸ್ಕೂಲು ಬಿಡುವ ಹೊತ್ತಿಗೆ ಬೇಯಿಸಿದ ಕಡಲೆಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಗೇಟಿನ ಮುಂದೆ, ಗೋಬಿ ಗಾಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಚಂದನಳಿಗೆ ಅವಮಾನ. "ಎಲ್ರೂ ತಿಂತಾರೆ, ನಾನ್ ಮಾತ್ರ ಯಾಕೆ?" ಎಂದು ದಾರಿಯುದ್ದ ಅಳು. ಅತ್ತೆ ಅಳುತ್ತಿದ್ದವಳನ್ನು ಹಾಗೆಯೇ ಮೈದಾನಕ್ಕೆ ಕರೆದೊಯ್ದು, ಆಡುವ ಮಕ್ಕಳ ನಡುವೆ ಬಿಟ್ಟು, ಕತ್ತಲಾಗುವವರೆಗೆ ಕಲ್ಲಿನ ಮೇಲೆ ಕೂತಿರುತ್ತಿದ್ದರು. ಕಂಡಿಕೆ ತಡವಾದರೆ ಗಂಡ ಒಂದು ಮಗ್ಗ ನಿಲ್ಲಿಸುತ್ತಿದ್ದರು, ಗೊಣಗುತ್ತಾ. ಬರಬರುತ್ತಾ ಕಪ್ಪು ತಿಳಿಯಾಯಿತು. ಪೂರ್ತಿ ಹೋಗಲಿಲ್ಲ, ಆದರೆ ಹೊಸ ರಿಪೋರ್ಟು ನೋಡಿ ಡಾಕ್ಟರಮ್ಮ ನಕ್ಕರು. ಅದನ್ನು ನೋಡಿಕೊಂಡೇ ಅತ್ತೆ ಎರಡು ವರ್ಷದ ಹಿಂದೆ ಹೋದರು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಚಂದನ ಈಗ ಪಿಯುಸಿ. ಈಚೆಗೆ ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಾಳೆ. ಫೋನನ್ನು ಬೆನ್ನ ಹಿಂದೆ ಹಿಡಿದು ಕತ್ತಿನ ಫೋಟೋ ತೆಗೆದುಕೊಳ್ಳುವುದನ್ನು ಬಾಗಿಲ ಸಂದಿಯಿಂದ ಕಂಡಿದ್ದೇನೆ. ಜಾಸ್ತಿ ತಿಂದಳೇ ಎಂದು ತಟ್ಟೆ ನೋಡುತ್ತಿದ್ದ ನಾನು ಈಗ ಕಡಿಮೆಯಾಯಿತೇ ಎಂದು ನೋಡುತ್ತೇನೆ. ಕೇಳಲು ಹೆದರಿಕೆ. ಕೇಳಿದರೆ ತಿನ್ನುತ್ತಿರುವಷ್ಟನ್ನೂ ಬಿಟ್ಟಾಳೆಂಬ ಹೆದರಿಕೆ.

ಇವತ್ತೂ ದೋಸೆಯ ಒಂದು ಮೂಲೆ ಮುರಿದು, "ಸಾಕಮ್ಮ," ಎಂದಳು. ನಾನು ತಟ್ಟೆ ಎತ್ತಲಿಲ್ಲ. ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತೆ.

"ಹಸಿವಿಲ್ವಾ ಪುಟ್ಟಿ, ಇಲ್ಲಾ ಭಯಾನಾ?"

ಅವಳು ನನ್ನನ್ನು ನೋಡಿದಳು. ಜಗಳಕ್ಕೆ ಬರುತ್ತಾಳೇನೋ ಅಂದುಕೊಂಡೆ. "ಎರಡರಲ್ಲಿ ಯಾವ್ದು ಅಂತ ಗೊತ್ತಾಗಲ್ಲಮ್ಮ," ಎಂದಳು. ಆಮೇಲೆ ಅಳತೊಡಗಿದಳು.

ಬೀದಿ ತುದಿಯಲ್ಲಿ ನನ್ನನ್ನು ಕರೆದೊಯ್ಯುವ ಗಾರ್ಮೆಂಟ್ಸಿನ ಬಸ್ಸು ಹಾರ್ನ್ ಹೊಡೆಯಿತು, ಇನ್ನೊಂದು ಸಲ ಹೊಡೆಯಿತು, ಹೋಯಿತು. ಅವಳ ತಲೆ ನನ್ನ ತೊಡೆಯ ಮೇಲಿತ್ತು. "ಹೇಳು," ಎಂದೆ. "ಎಷ್ಟೊತ್ತಾದ್ರೂ ಆಗ್ಲಿ, ಹೇಳು."