ತಾಳಿಯಿಲ್ಲದ ಗಟ್ಟಿಮೇಳ

ಆ ಸಂಜೆ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ. ಒಂದು ಮಾತು ಹೆಚ್ಚು ಹೇಳಿದರೂ ಸುಳ್ಳಾದೀತೆಂಬ ಅಂಜಿಕೆ ನನಗೆ.

ಅಪ್ಪ ಮುಳಬಾಗಿಲು ಸೀಮೆಯ ಮದುವೆಗಳಲ್ಲಿ ನಲವತ್ತು ವರ್ಷ ಡೋಲು ಬಾರಿಸಿದವರು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಯಾರ ಮದುವೆಗೂ ಹೋಗಲಿಲ್ಲ. ನನ್ನ ಮಗಳ ಮದುವೆಗೆ ಕರೆದಾಗಲೂ ಒಂದೇ ಮಾತು: “ನಾನ್ ಬರಲ್ಲ ಕಣಮ್ಮಣ್ಣಿ. ಇನ್ನೊಬ್ನು ಡೋಲು ಬಡಿಯೋದು ನೋಡ್ಕೊಂಡು ಕುರ್ಚಿನಾಗೆ ಕೂತ್ಕೊಳ್ಳೋಕೆ ನನ್ ಕೈಲಾಗಲ್ಲ.” ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ತಾತನನ್ನು ಕೇಳಿ ಕೇಳಿ ಮಗಳು ಸುಮ್ಮನಾಗಿದ್ದಳು.

ಅಷ್ಟರಲ್ಲಿ ಕೋಲಾರದಲ್ಲಿ, ನಾವು ಮದುವೆಗೆ ಹಿಡಿದಿದ್ದ ಕಲ್ಯಾಣ ಮಂಟಪದಲ್ಲೇ, ಹೊರಗಿನಿಂದ ಬಂದ ಸಿಂಫನಿ ಆರ್ಕೆಸ್ಟ್ರಾದ ಕಛೇರಿ ಏರ್ಪಾಟಾಯಿತು. ಅಷ್ಟು ವಾದ್ಯಗಾರರು ಹಿಡಿಸುವ ಬೇರೆ ವೇದಿಕೆ ಸಿಗಲಿಲ್ಲವಂತೆ. ನಾನು ಪಾಠ ಮಾಡುವ ಶಾಲೆಗೆ ಪಾಸುಗಳು ಬಂದವು. “ಅದ್ರಾಗೆ ಡೋಲು ಗೀಲು ಇರಲ್ಲಪ್ಪ” ಎಂದು ಹೇಳಿ ಅಪ್ಪನನ್ನು ಬಸ್ಸು ಹತ್ತಿಸಿದೆ. ಹಾಗೆಂದೇ ನಾನೂ ನಂಬಿದ್ದೆ.

ವೇದಿಕೆಯ ಹಿಂಭಾಗದಲ್ಲಿ, ತಾಮ್ರದ ಹಂಡೆಗಳಿಗೆ ಚರ್ಮ ಬಿಗಿದಂಥ ನಾಲ್ಕು ನಗಾರಿಗಳಿದ್ದವು. ಅಪ್ಪ ಅವನ್ನು ನೋಡಿದರು, ನನ್ನನ್ನು ನೋಡಿದರು. ಎದ್ದೇಬಿಡುತ್ತಾರೆ ಅಂದುಕೊಂಡೆ. ಆಗ ನಗಾರಿಯವನು ಬಗ್ಗಿ, ಚರ್ಮದ ಹತ್ತಿರ ಕಿವಿಯಿಟ್ಟು, ಒಂದು ಬೆರಳಿನಿಂದ ಮೆಲ್ಲಗೆ ತಟ್ಟಿದ.

“ಶ್ರುತಿ ನೋಡ್ತಾವ್ನೆ” ಎಂದರು ಅಪ್ಪ. ಏಳಲಿಲ್ಲ.

ವಧೂವರರು ಕೂರುವ ಜಾಗದಲ್ಲಿ ಪಿಯಾನೊ ಇಟ್ಟಿದ್ದರು. ಎಲ್ಲರೂ ಕೂತಾದ ಮೇಲೆ, ವಾದ್ಯಗಾರರಿಗೆ ಕಡ್ಡಿಯಾಡಿಸಿ ಸನ್ನೆ ಮಾಡುವ ನಿರ್ದೇಶಕನ ಜೊತೆ, ಅತಿಥಿಯಾಗಿ ಬಂದಿದ್ದ ಪಿಯಾನೊ ಕಲಾವಿದೆ ಹಸಿರು ನಿಲುವಂಗಿಯಲ್ಲಿ ಬಂದರು. ಸಭೆ ಚಪ್ಪಾಳೆ ತಟ್ಟಿತು.

“ಮದುವಣಗಿತ್ತಿ ಈಗ ಬಂದ್ಲು ನೋಡು. ಕಡ್ಡಿ ಹಿಡ್ಕೊಂಡೋನು ಪುರೋಹಿತ” ಎಂದರು ಅಪ್ಪ.

ಆಕೆ ಕರವಸ್ತ್ರದಿಂದ ಪಿಯಾನೊದ ಕಪ್ಪು-ಬಿಳಿ ಮನೆಗಳನ್ನು ಒಮ್ಮೆ ಒರೆಸಿ, ನುಡಿಸತೊಡಗಿದರು. ಮೊದಲು ತೀರ ಮೆಲ್ಲಗೆ. ಹಿಂದಿನ ಅಡುಗೆಮನೆಯಲ್ಲಿ ಯಾರೋ ಲೋಟ ಇಟ್ಟದ್ದೂ ಕೇಳಿಸಿತು. ಆಮೇಲೆ ಮೊರದಿಂದ ರಾಗಿ ಸುರಿದ ಹಾಗೆ ಸ್ವರಗಳು ಸುರಿದವು. ನಾನು ಉಸಿರು ಹಿಡಿದು ಕೂತಿದ್ದೆ. ಅಪ್ಪನ ಕಣ್ಣು ಮಾತ್ರ ನಗಾರಿಯವನನ್ನು ಬಿಡಲಿಲ್ಲ.

“ಇಷ್ಟೊತ್ತಾದ್ರೂ ಒಂದೇಟು ಹಾಕಿಲ್ಲ.”

“ಬೇಜಾರಾಗಲ್ವೇನಪ್ಪ ಅವ್ನಿಗೆ?”

“ಎಲ್ಲಿ ಬೇಜಾರು? ಎಣಿಸ್ತಾವ್ನೆ ಕಣೇ. ತುಟಿ ನೋಡು.”

ನಮ್ಮಲ್ಲಿ ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಬೆರಳಾಡಿಸುತ್ತಾರೆ. ಯಾರಾದರೂ “ಗಟ್ಟಿಮೇಳ” ಎಂದು ಕೂಗುತ್ತಾರೆ. ಅಪಶಕುನದ ಸದ್ದು ಕಿವಿಗೆ ಬೀಳದಂತೆ ಓಲಗದವರು ಜೋರಾಗಿ ಬಾರಿಸುತ್ತಾರೆ, ಜನ ಅಕ್ಷತೆ ಎರಚುತ್ತಾರೆ. ಕೊನೆಯ ಭಾಗದಲ್ಲಿ ಪಿಟೀಲುಗಳು ಮೇಲೇರುತ್ತಿದ್ದಾಗ, ಕಡ್ಡಿ ಹಿಡಿದಾತ ಎಡಗೈ ಎತ್ತಿ ಬೆರಳಾಡಿಸಿದ. ಅಪ್ಪ ಕುರ್ಚಿಯಿಂದೆದ್ದರು.

“ಗಟ್ಟಿಮೇಳ! ಗಟ್ಟಿಮೇಳ!”

ಅದೇ ಕ್ಷಣಕ್ಕೆ ನಗಾರಿಗೆ ಏಟು ಬಿತ್ತು. ಕಹಳೆ, ಪಿಟೀಲು, ಪಿಯಾನೊ ಎಲ್ಲ ಒಟ್ಟಿಗೆ ಮೊಳಗಿದವು. ಮುಂದಿನ ಸಾಲಿನ ಇಬ್ಬರು ಹೆಂಗಸರು ಅರ್ಧ ಎದ್ದು, ಅಕ್ಷತೆ ಹಿಡಿದವರಂತೆ ಮುಷ್ಟಿ ಎತ್ತಿದ್ದನ್ನು ನಾನು ಕಣ್ಣಾರೆ ಕಂಡೆ.

“ತಾತಾ, ನಮ್ಗೆ ಅಕ್ಷತೇನೇ ಕೊಟ್ಟಿಲ್ವಲ್ಲ!” ಎಂದ ಹಿಂದಿನಿಂದ ಒಬ್ಬ. ನಗು ಸಾಲಿನಿಂದ ಸಾಲಿಗೆ ಹಬ್ಬಿತು. ನನಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಪಿಯಾನೊದವರ ಬೆರಳು ನಿಲ್ಲಲಿಲ್ಲ. ಆದರೆ ಅವರು ನಮ್ಮತ್ತ ಕತ್ತು ತಿರುಗಿಸಿ, ಬಾಯಿ ತುಂಬ ನಕ್ಕರು.

ಮುಗಿದ ಮೇಲೆ ಪಿಯಾನೊದವರು ನಗಾರಿಯವನತ್ತ ಕೈ ತೋರಿಸಿ ಅವನನ್ನೂ ಎಬ್ಬಿಸಿ ನಿಲ್ಲಿಸಿದರು. ಅಪ್ಪ ಎಡಗೈಯಿಂದ ತೊಡೆ ತಟ್ಟುತ್ತಲೇ ಇದ್ದರು.

“ಬಾಗುಂದಿ, ಬಾಗುಂದಿ.” ತೀರ ಚೆನ್ನಾಗಿದೆ ಅನ್ನಿಸಿದರೆ ಅವರ ಬಾಯಿಗೆ ಬರುವುದು ತೆಲುಗೇ.

ಹೊರಗೆ ಬರುವಾಗ ಅಪ್ಪ ಮಂಟಪದ ಮೆಟ್ಟಿಲಲ್ಲಿ ನಿಂತರು. “ಮದ್ವೆಗೆ ನಮ್ಮೂರ ಪುರೋಹಿತ್ರೇ ತಾನೆ?”

“ಹೂಂನಪ್ಪ.”

“ಅವ್ರು ಬೆರಳಾಡ್ಸೋದು ಯಾವಾಗ್ಲೂ ಲೇಟು. ಆ ಡೋಲಿನವ್ನಿಗೆ ಹೇಳ್ಬಿಡು, ನಾನ್ ಮುಂದ್ಗಡೆ ಕೂತಿರ್ತೀನಿ, ನಾನ್ ಕೂಗಿದ್ಮೇಲೇ ಬಡೀಬೇಕು ಅಂತ.”

ಬಸ್‌ಸ್ಟ್ಯಾಂಡಿನಿಂದ ಮಗಳಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಫೋನ್ ಕಿತ್ತುಕೊಂಡು, ಮುಳಬಾಗಿಲು ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುವಂತೆ, ಇನ್ನೊಮ್ಮೆ ಕೂಗಿದರು.