ಹುಣಸೆಹಣ್ಣಿನಲ್ಲಿ ತೊಳೆದ ಮೌತ್ ಆರ್ಗನ್

ದೀಪಾವಳಿ ಹತ್ತಿರ ಬಂತೆಂದು ಮೊನ್ನೆ ದೇವರ ಕೋಣೆಯ ದೀಪಗಳನ್ನೆಲ್ಲ ಹೊರಗೆ ತಂದು ಬಾವಿಕಟ್ಟೆಯ ಬಳಿ ಕುಳಿತೆ. ಈಗ ತಿಕ್ಕಲು ಬಗೆಬಗೆಯ ಪುಡಿ ಸಿಗುತ್ತದೆ. ಆದರೂ ಹಿತ್ತಾಳೆಗೆ ನನಗೆ ಹುಣಸೆಹಣ್ಣೇ ಆಗಬೇಕು. ನೆನೆಸಿದ ಹುಣಸೆಯೂ ಒದ್ದೆ ಲೋಹವೂ ಸೇರಿ ಅಂಗೈಯಿಂದ ಒಂದು ಹುಳಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದಾಗ ನನಗೆ ನೆನಪಾಗುವುದು, ದೇವರು ಕ್ಷಮಿಸಲಿ, ಒಂದು ಮೌತ್ ಆರ್ಗನ್. ಅದರ ಹಿಂದೆಯೇ ನಮ್ಮ ನೆರೆಮನೆಯ ಬಾಯಮ್ಮ.

ಕ್ರೈಸ್ತರ ಮನೆಯ ಹಿರಿಯ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಎಂದು ಕರೆಯುವುದು. ನಾನು ಅವರನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ಅವರು ನನ್ನ ಅತ್ತೆಯನ್ನು ದೊಡ್ಡಮ್ಮ ಎನ್ನುತ್ತಿದ್ದರು, ನನ್ನನ್ನು ಸಣ್ಣಮ್ಮ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮದುವೆಯಾಗಿ ಕಾಪುವಿಗೆ ಬಂದ ನಾನು ಹೊಸಬಳು. ನಮ್ಮವರು ಬೊಂಬಾಯಿಯ ಒಂದು ಹೋಟೆಲಿನಲ್ಲಿದ್ದರು; ಬರುವುದು ವರ್ಷಕ್ಕೊಮ್ಮೆ. ಮಕ್ಕಳು ಇನ್ನೂ ಆಗಿರಲಿಲ್ಲ. ಬೆಳಗ್ಗೆ ಕೆಲಸದಲ್ಲಿ ಹೊತ್ತು ಹೋಗುತ್ತಿತ್ತು. ಊಟ ಮುಗಿದು, ಗೋಮಯ ಹಚ್ಚಿ, ಅತ್ತೆ ಜಗಲಿಯಲ್ಲಿ ತಲೆ ಇಟ್ಟ ಮೇಲಿನ ಮಧ್ಯಾಹ್ನವೇ ಕಷ್ಟ. ಮನೆಯಿಂದ ಸಮುದ್ರ ಕಾಣುವುದಿಲ್ಲ, ಕೇಳುತ್ತದೆ. ಅದನ್ನು ಕೇಳುತ್ತಾ ನಾಮ ಜಪಿಸುತ್ತಿದ್ದೆ. ಜಪ ನಡುವಿನಲ್ಲೆಲ್ಲೋ ತಪ್ಪಿಹೋಗುತ್ತಿತ್ತು, ಸಮುದ್ರ ಮಾತ್ರ ತಪ್ಪುತ್ತಿರಲಿಲ್ಲ... ಆದರೆ ಅತ್ತೆ ಒಳ್ಳೆಯವರು. ಬಾವಿಯಲ್ಲಿ ಸಿಹಿನೀರು ಇತ್ತು. ಅಷ್ಟು ಕೊಟ್ಟ ದೇವರ ಮೇಲೆ ದೂರು ಹೇಳುವುದು ಸರಿಯಲ್ಲ.

ಬಾಯಮ್ಮನ ಗಂಡ ಹಡಗಿನಲ್ಲಿ ಅಡುಗೆಯವರಾಗಿದ್ದರು. ನಾನು ಮದುವೆಯಾಗಿ ಬರುವ ಸ್ವಲ್ಪ ಮೊದಲು ಎಲ್ಲೋ ನಡುಸಮುದ್ರದಲ್ಲಿ ಜ್ವರ ಬಂದು ತೀರಿಕೊಂಡರಂತೆ. ಹೆಣ ಬರಲಿಲ್ಲ, ಅಲ್ಲಿಯೇ ನೀರಿಗೆ ಇಳಿಸಿದರು. ಊರಿಗೆ ಬಂದದ್ದು ಟ್ರಂಕು. ಅದರಲ್ಲಿ ಬಟ್ಟೆ, ಒಂದು ಮೌತ್ ಆರ್ಗನ್, ಒಂದು ಕ್ಯಾಸೆಟ್. ಕ್ಯಾಸೆಟ್ ಹಾಕಿ ಕೇಳಲು ಅವರ ಮನೆಯಲ್ಲಿ ಯಂತ್ರ ಇರಲಿಲ್ಲ. ನಮ್ಮವರು ನಮ್ಮ ಮದುವೆಯ ಮರುವರ್ಷ ಅತ್ತೆಗೆ ಭಜನೆ ಕೇಳಲೆಂದು ಟೇಪ್ ರೆಕಾರ್ಡರ್ ತಂದುಕೊಟ್ಟಿದ್ದರು. ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ ಬಾಯಮ್ಮ ಕೊಡೆ ಮಡಚಿ ನಮ್ಮ ಜಗಲಿಯ ತುದಿಯಲ್ಲಿ ನಿಂತರು.

"ಸಣ್ಣಮ್ಮ, ಇದನ್ನೊಂದು ನಿಮ್ಮ ಪೆಟ್ಟಿಗೆಗೆ ಹಾಕಬಹುದಾ? ಒಳಗೆ ಎಂತ ಉಂಟು ಅಂತ ನನಗೂ ಗೊತ್ತಿಲ್ಲ."

ಒಳಗಿದ್ದದ್ದು ಅವರ ಗಂಡ ನುಡಿಸಿದ ಒಂದೇ ಒಂದು ರಾಗ. ಮೊದಲು ಕೊಂಕಣಿಯಲ್ಲಿ ಎರಡು ಮಾತು: ಇದಕ್ಕೆ ಬ್ಲೂಸ್ ಎನ್ನುತ್ತಾರೆ, ಅಮೆರಿಕದ ಬಂದರಿನಲ್ಲಿ ಕಪ್ಪು ಜನ ಬೇಸರವಾದಾಗ ನುಡಿಸುವುದು, ನಾನು ಕೇಳಿ ಕೇಳಿ ಕಲಿತೆ ಎಂದು. ಆಮೇಲೆ ರಾಗ. ಒಂದು ಸಾಲು, ಅದೇ ಸಾಲು ಇನ್ನೊಮ್ಮೆ, ಮೂರನೆಯದು ಅದಕ್ಕೆ ಉತ್ತರ. ಮೂರನೆಯ ಸಾಲಿನಲ್ಲಿ ಒಂದು ಸ್ವರ ಇದ್ದಲ್ಲಿಂದ ಜಾರಿ ಕೆಳಕ್ಕೆ ಇಳಿಯುತ್ತಿತ್ತು, ಬಾವಿಗೆ ಕೊಡ ಇಳಿದ ಹಾಗೆ. ಕೊನೆಗೆ ಅವರು ಒಮ್ಮೆ ನಕ್ಕು "ಜಾಲೆಂ" ಎನ್ನುತ್ತಿದ್ದರು. ಕೊಂಕಣಿಯಲ್ಲಿ 'ಆಯಿತು' ಎಂದು. ಅಷ್ಟೇ.

ಬಾಯಮ್ಮ ಅಳಲಿಲ್ಲ. "ನಾನು ಇದನ್ನು ಕಲಿಯುತ್ತೇನೆ" ಎಂದರು.

ಯಾಕೆಂದು ಆಮೇಲೆ ಹೇಳಿದರು. ನವೆಂಬರಿನ ಮೊದಲಲ್ಲಿ ಅವರಲ್ಲಿ ಸತ್ತವರ ದಿನ ಉಂಟು. ಎಲ್ಲರೂ ಸಿಮೆಟ್ರಿಗೆ ಹೋಗಿ ತಮ್ಮ ತಮ್ಮವರ ಗೋರಿಗೆ ಹೂ ಇಟ್ಟು ಮೇಣದ ಬತ್ತಿ ಹಚ್ಚುತ್ತಾರೆ. "ಎಲ್ಲರಿಗೂ ನಿಲ್ಲಲಿಕ್ಕೆ ಒಂದು ಜಾಗ ಉಂಟು. ನಾನು ಬತ್ತಿ ಹಿಡಿದುಕೊಂಡು ಆಚೆ ಈಚೆ ನೋಡುವುದು. ಈ ಸಲ ಸಮುದ್ರದ ಹತ್ತಿರ ಹೋಗಿ ಅವರದ್ದೇ ರಾಗ ಅವರಿಗೆ ಕೇಳಿಸಬೇಕು. ಅಷ್ಟರೊಳಗೆ ಕಲಿಯಬೇಕು."

ಕಲಿಸುವವರು ಯಾರೂ ಇರಲಿಲ್ಲ. ನಮ್ಮ ಜಗಲಿಯೇ ಶಾಲೆ. ಸೆಲ್ ಬೇಗ ಮುಗಿಯಬಾರದೆಂದು ನಾನು ಕ್ಯಾಸೆಟ್ಟಿನ ತೂತಿಗೆ ಪೆನ್ಸಿಲ್ ತುರುಕಿ ತಿರುಗಿಸಿ ಹಿಂದಕ್ಕೆ ಸುತ್ತಿಕೊಡುತ್ತಿದ್ದೆ. ಅವರು ಒಂದು ತುಣುಕು ಕೇಳುವುದು, ಊದುವುದು, ತಲೆ ಅಲ್ಲಾಡಿಸುವುದು. ವಾರಗಟ್ಟಲೆ ಬಂದದ್ದು ಬರೀ ಇಗರ್ಜಿಯ ಪದದ ಧಾಟಿ.

"ಎಷ್ಟು ಊದಿದರೂ ಫಾದರ್ ಒಳಗೆ ಬಂದ ಹಾಗೆ ಆಗುತ್ತದೆ" ಎಂದು ಅವರೇ ನಗುತ್ತಿದ್ದರು.

ಮಲಗಿದ್ದಾರೆಂದು ನಾವು ತಿಳಿದಿದ್ದ ಅತ್ತೆ ಒಂದು ದಿನ ಕಣ್ಣು ಬಿಡದೆಯೇ ಹೇಳಿದರು: "ನಿನ್ನ ಗಂಡ ಊದುವುದಲ್ಲ ಬಾಯಮ್ಮ. ಹೀರುವುದು."

"ಎಂತ ದೊಡ್ಡಮ್ಮ?"

"ಕಿವಿ ಇಟ್ಟು ಕೇಳು. ಮಠದ ಊಟದಲ್ಲಿ ಭಟ್ಟರು ಎಲೆಯಿಂದ ಪಾಯಸ ಬಾಚಿ ಸೊರ್ ಎಂದು ಎಳೆಯುವುದಿಲ್ಲವಾ, ಹಾಗೆ. ನೀವು ಬಟ್ಟಲಲ್ಲಿ ಉಣ್ಣುವವರು, ನಿಮಗೆ ಅದು ಹೇಗೆ ಗೊತ್ತಾಗಬೇಕು?"

ಮರುದಿನ ಹೆಸರುಬೇಳೆ ಪಾಯಸ ಆಯಿತು. ಅಂಗಳದ ಬದಿಯಲ್ಲಿ ಬಾಯಮ್ಮನಿಗೆ ಎಲೆ ಹಾಕಿ ಬಡಿಸಿ, ಅತ್ತೆ ದೂರ ನಿಂತು ಪಾಠ ಮಾಡಿದರು. "ಹಾಗಲ್ಲ, ನಾಲಿಗೆ ಹಿಂದಕ್ಕೆ. ಇನ್ನೂ ಜೋರು. ನಾಚಿಕೆ ಎಂತದ್ದು?" ಬಾಯಮ್ಮನ ಮೊಣಕೈವರೆಗೆ ಪಾಯಸ ಇಳಿಯಿತು. ಆ ಮನೆಗೆ ಬಂದ ಮೇಲೆ ನಾನು ಹೊಟ್ಟೆ ಹಿಡಿದು ನಕ್ಕದ್ದು ಅದೇ ಮೊದಲು.

ಅಂದಿನಿಂದ ಅವರು ಉಸಿರನ್ನು ಒಳಕ್ಕೆ ಎಳೆದು ನುಡಿಸತೊಡಗಿದರು. ಮೊದಲ ಸಾಲು ಬಂತು. ಎರಡನೆಯದು ಅದೇ ಆದ್ದರಿಂದ ಅದೂ ಬಂತು. ಮೂರನೆಯದರಲ್ಲಿ ಆ ಇಳಿಯುವ ಸ್ವರ ಮಾತ್ರ ಬರಲೇ ಇಲ್ಲ. ನಾಲಿಗೆ ಎಷ್ಟು ಹಿಂದಕ್ಕೆ ಎಳೆದರೂ ಬರೀ ಗಾಳಿ ಸೋರುತ್ತಿತ್ತು.

ಒಮ್ಮೆ ಅವರು ಅದನ್ನು ಸೆರಗಿಗೆ ಒರಸಿ ನನ್ನತ್ತ ಚಾಚಿದರು. "ನೀವೂ ಒಮ್ಮೆ ನೋಡಿ ಸಣ್ಣಮ್ಮ." ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಇನ್ನೊಬ್ಬರ ಬಾಯಿ ತಾಗಿದ್ದು ಎಂಜಲು. ನಮ್ಮ ಮನೆಯಲ್ಲಿ ಎಂಜಲೆಂದರೆ ಎಂಜಲೇ. ಅವರಿಗೆ ಅದು ಅರ್ಥವಾಯಿತು, ಬೇಸರಿಸಲಿಲ್ಲ. ಆದರೆ ದಿನಾ ಮಧ್ಯಾಹ್ನ ನನ್ನ ಕಣ್ಣು ಆ ಮೌತ್ ಆರ್ಗನ್ನಿನ ಮೇಲೆಯೇ ಇರುತ್ತಿತ್ತು. ಕೇಳುವಾಗ ಎದೆಯೊಳಗಿನ ಏನೋ ಒಂದು ತಾನೂ ಹೊರಗೆ ಬರಬೇಕೆಂದು ಹಟ ಮಾಡುತ್ತಿತ್ತು...

ನವರಾತ್ರಿಗೆ ಮೊದಲಿನ ವಾರ ಅದು. ಅತ್ತೆ ಪೂಜೆಯ ಪಾತ್ರೆಗಳನ್ನೆಲ್ಲ ರಾಶಿ ಹಾಕಿ ತೊಳೆಯುತ್ತಿದ್ದರು. ಬೇಲಿಯಾಚೆ ಮೀನಿನ ಹೆಂಗಸು ಕೂಗಿದ್ದೇ ಬಾಯಮ್ಮ ಎಲ್ಲವನ್ನೂ ಜಗಲಿಯಲ್ಲಿಯೇ ಬಿಟ್ಟು ಓಡಿದರು. ನಾನು ಹಿತ್ತಿಲಿನಿಂದ ಬರುವಾಗ ಅತ್ತೆ ಹೊಳೆಯುವ ಆರತಿಯ ಪಕ್ಕದಲ್ಲಿ ಹೊಳೆಯುವ ಮೌತ್ ಆರ್ಗನ್ ಇಟ್ಟಿದ್ದರು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಯ್ಯೋ ಅತ್ತೆ, ಇದೆಂತ ಮಾಡಿದಿರಿ?"

"ಎಂತ ಮಾಡುವುದು, ತೊಳೆದೆ. ಹುಣಸೆ ಹಾಕಿ ತಿಕ್ಕಿ ಬಿಸಿನೀರಿನಲ್ಲಿ ಮುಳುಗಿಸಿ ಇಟ್ಟಿದ್ದೆ. ಈಗ ಯಾರ ಎಂಜಲೂ ಇಲ್ಲ. ನೀನು ದಿನಾ ಅದನ್ನು ನೋಡುವುದು ನನಗೆ ಕಾಣುವುದಿಲ್ಲ ಅಂತ ಮಾಡಿದ್ದೀಯಾ? ಅವಳು ಬರುವುದರೊಳಗೆ ಒಮ್ಮೆ ನುಡಿಸು ಮಾರಾಯ್ತಿ."

ಮಡಿಯೆಂದು ಒದ್ದೆ ಸೀರೆಯಲ್ಲಿಯೇ ಅಡುಗೆ ಮಾಡುತ್ತಿದ್ದವರು ಅವರು. ಆ ಮಾತು ಅವರ ಬಾಯಿಂದ ಬಂದದ್ದು ನನ್ನ ಭಾಗ್ಯ. ಬಾಯಿಗೆ ಹಿಡಿದೆ. ಹುಳಿ ರುಚಿ. ಪಾಯಸ ಎಳೆಯುವ ಹಾಗೆ ನಾಲಿಗೆ ಹಿಂದಕ್ಕೆ ತಂದು ಉಸಿರೆಳೆದೆ. ದಪ್ಪಗಿನ ಒಂದು ಸ್ವರ ಎದ್ದು, ಜಾರಿ, ಕೆಳಕ್ಕೆ ಇಳಿಯಿತು. ಕೊಡ ನೀರಿಗೆ ತಾಗಿತು.

ಬೇಲಿಯ ಹತ್ತಿರ ಬಾಯಮ್ಮ ಮೀನಿನ ತಟ್ಟೆ ಹಿಡಿದುಕೊಂಡು ನಿಂತಿದ್ದರು.

"ಅದೇ! ಸಣ್ಣಮ್ಮ, ಅದೇ! ಹೇಗೆ ಬಂತು?" ತಟ್ಟೆಯನ್ನು ಗೂಟದ ಮೇಲೆ ಇಟ್ಟು ಬಂದರು. ತೊಟ್ಟಿಕ್ಕುವ ನೀರು ಕಂಡ ಮೇಲೆ ಮುಖ ಬಿಳುಚಿತು. "ಯೇಸುವೇ! ದೊಡ್ಡಮ್ಮ, ಇದರ ಒಳಗೆ ಮರ ಉಂಟು!"

"ನನಗೆಂತ ಗೊತ್ತು? ಮೇಲೆ ಲೋಹ ಕಂಡಿತು, ತೊಳೆದೆ" ಎಂದ ಅತ್ತೆಯ ದನಿಯೂ ಸಣ್ಣದಾಗಿತ್ತು.

ಬಾಯಮ್ಮ ನನ್ನ ಕೈಯಿಂದ ಅದನ್ನು ತೆಗೆದುಕೊಂಡರು. ನನ್ನ ಬಾಯಿ ತಾಗಿದ್ದನ್ನು ಒರಸದೆಯೇ ತಮ್ಮ ಬಾಯಿಗಿಟ್ಟರು. ಸ್ವರ ಇಳಿಯಿತು. ಇನ್ನೊಮ್ಮೆ ಇಳಿಯಿತು. ಹಿಂದೆ ಗೂಟದ ಮೇಲಿನ ಬಂಗುಡೆಯನ್ನು ಕಾಗೆ ಹೊತ್ತುಕೊಂಡು ಹೋದದ್ದು ಯಾರಿಗೂ ತಿಳಿಯಲಿಲ್ಲ.

ಮರುದಿನ ಒಣಗಿದ ಮೇಲೆ ಆ ಸ್ವರ ಇಲ್ಲ. ಬಾಯಮ್ಮ ಕಡಲ ತಡಿಯಲ್ಲಿ ಹುಟ್ಟಿದವರು, ಕೂಡಲೇ ಅರ್ಥ ಮಾಡಿಕೊಂಡರು. "ಮಳೆಗಾಲ ಪೂರ್ತಿ ಮೇಲೆ ಎಳೆದಿಟ್ಟ ದೋಣಿಯ ಹಾಗೆ ಇದು. ಒಣಗಿ ಸಂದು ಬಿಟ್ಟಿದೆ, ಉಸಿರು ಸೋರುತ್ತದೆ. ನೀರು ಕುಡಿದರೆ ಮರ ಉಬ್ಬಿ ಸಂದು ಮುಚ್ಚುತ್ತದೆ." ಹಾಗಾಗಿ ನುಡಿಸುವ ಮೊದಲು ನೆನೆಸಬೇಕು. ಆದರೆ ನೆನೆಸಿದ ಹಾಗೆಲ್ಲ ಮರ ಹೊರಗೆ ಉಬ್ಬಿ ಅವರ ತುಟಿ ಸೀಳುತ್ತಿತ್ತು. ಒಣಗಿದಾಗ ಸಣ್ಣ ಬಿರುಕು. ಒಳಗಿನ ಹಿತ್ತಾಳೆ ಪಟ್ಟಿಗಳು ಹಸಿರುಗಟ್ಟಿದವು. ಒಂದೊಂದೇ ತೂತು ಮೂಕವಾಗುತ್ತಾ ಬಂತು.

"ಸಾಕು ಬಾಯಮ್ಮ" ಎಂದೆ ಒಂದು ದಿನ. "ಅವರ ನೆನಪಿಗೆ ಇರುವುದು ಇದೊಂದೇ. ಇಷ್ಟಾದರೂ ಉಳಿಯಲಿ."

ಅವರು ತುಟಿಯ ರಕ್ತ ಒರಸಿಕೊಂಡರು. "ಟ್ರಂಕಿನಲ್ಲಿ ಇಟ್ಟು ದಿನಾ ತೆರೆದು ನೋಡುವುದಾ? ಎರಡು ವರ್ಷ ನೋಡಿ ಆಯಿತು ಸಣ್ಣಮ್ಮ. ಅದು ನನಗೆ ಒಂದು ಮಾತೂ ಆಡಲಿಲ್ಲ."

ಸತ್ತವರ ದಿನ ಅವರು ಸಿಮೆಟ್ರಿಗೆ ಹೋಗಿ, ಅಲ್ಲಿನ ದೊಡ್ಡ ಶಿಲುಬೆಯ ಬುಡದಲ್ಲಿ ಬತ್ತಿ ಹಚ್ಚಿ, ಸಂಜೆಗೆ ಮೊದಲು ನಮ್ಮಲ್ಲಿಗೆ ಬಂದರು. ಅತ್ತೆ ಒಂದು ಚೆಂಬಿನಲ್ಲಿ ಬಾವಿಯ ಬಿಸಿನೀರು ಕೊಟ್ಟರು. "ಉಪ್ಪುನೀರು ತಾಗಿಸಬೇಡಿ. ಇದರಲ್ಲೇ ಅದ್ದಿ. ನೀನು ದೀಪ ಹಚ್ಚುವ ಹೊತ್ತಿಗೆ ಬಾ" ಎಂದು ನನ್ನನ್ನೂ ಕಳಿಸಿದರು.

ದೀಪಸ್ತಂಭದ ಬಂಡೆಯಿಂದ ಸ್ವಲ್ಪ ದೂರ, ಮರಳಿನಲ್ಲಿ ನಿಂತೆವು. ಚೆಂಬಿನಿಂದ ತೆಗೆಯುವಾಗಲೇ ಬಿರುಕು ಉದ್ದವಾಗಿದ್ದದ್ದು ಕಾಣುತ್ತಿತ್ತು. ಬಾಯಮ್ಮ ಶಿಲುಬೆಯ ಗುರುತು ಹಾಕಿಕೊಂಡರು. ನಾನು ನನ್ನ ದೇವರನ್ನು ಕರೆದೆ, ಇದೊಂದು ಸಲ ಮೂರು ಸಾಲು ಮುಗಿಯುವವರೆಗೆ ಆ ಮರವನ್ನು ಹಿಡಿದುಕೋ ಎಂದು.

ಬಲೆ ಹೊಲಿಯುತ್ತಿದ್ದ ಮೊಗವೀರರೊಬ್ಬರು ಕೂಗಿದರು, "ಎಂತ ಬಾಯಮ್ಮ, ಮದುವೆ ದಿಬ್ಬಣವಾ?"

"ಹೌದು ಮಾರಾಯ, ಮದುಮಗ ನೀರಿನಲ್ಲಿದ್ದಾನೆ" ಎಂದರು ಬಾಯಮ್ಮ. ಆ ಮೊಗವೀರರು ತಲೆಯ ಮುಂಡಾಸು ತೆಗೆದರು.

ಮೊದಲ ಸಾಲನ್ನು ಅಲೆ ನುಂಗಿತು. ಎರಡನೆಯದು ನನಗೆ ಕೇಳಿಸಿತು. ಮೂರನೆಯದರಲ್ಲಿ ಎರಡು ಕಡೆ ಮೂಕ ತೂತು ಸಿಕ್ಕಿ ರಾಗ ತಡವರಿಸಿತು. ಆದರೆ ಆ ಸ್ವರ ಬಂತು. ಜಾರಿತು, ಇಳಿಯಿತು, ಇಳಿಯುತ್ತಲೇ ಹೋಯಿತು... ಆಮೇಲೆ ಏನೋ ಟಕ್ ಎಂದಿತು. ಬಾಯಮ್ಮ ಅದನ್ನು ಬಾಯಿಯಿಂದ ತೆಗೆದು ನೋಡಲೂ ಇಲ್ಲ. ಸಮುದ್ರದ ಕಡೆಗೆ ಮುಖ ಮಾಡಿ ಒಮ್ಮೆ ನಕ್ಕು, "ಜಾಲೆಂ" ಎಂದರು.

ಆ ನಂತರವೇ ಅವರು ಮರಳಿನಲ್ಲಿ ಕುಳಿತು ಅತ್ತದ್ದು. ದೀಪ ಹಚ್ಚುವ ಹೊತ್ತು ಮೀರಿತು. ನಾನು ಮನೆಗೆ ಬರುವಾಗ ಅತ್ತೆಯೇ ಹಚ್ಚಿ ಇಟ್ಟಿದ್ದರು.

ಮುಂದಿನ ಮಳೆಗಾಲಕ್ಕೆ ಮೊದಲು ಬಾಯಮ್ಮನ ತಮ್ಮ ಬಂದು ಅವರನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದರು. ನನಗೆ ಮತ್ತೆ ಅವೇ ಮಧ್ಯಾಹ್ನಗಳು. ಕ್ಯಾಸೆಟ್ ಅವರೊಂದಿಗೆ ಹೋಗಿತ್ತು, ಟೇಪ್ ರೆಕಾರ್ಡರಿನಲ್ಲಿ ಅತ್ತೆಯ ಭಜನೆ ಮಾತ್ರ. ಅತ್ತೆಯೇ ಕೆಲವೊಮ್ಮೆ ಬೇಲಿಯ ಕಡೆ ನೋಡಿ, "ಅವಳು ಇದ್ದಿದ್ದರೆ ಪಾಯಸ ಮಾಡಬಹುದಿತ್ತು" ಎನ್ನುತ್ತಿದ್ದರು.

ಕೊನೆಯ ಸಲ ಬಾಯಮ್ಮನನ್ನು ಕಂಡದ್ದು ಮಣಿಪಾಲದ ಆಸ್ಪತ್ರೆಯಲ್ಲಿ, ಕೆಲವು ವರ್ಷ ಕಳೆದು. ಹಿರಿಯ ಮಗ ಕಂಕುಳಲ್ಲಿದ್ದ. ಅವರು ತೀರ ಸಣಕಲಾಗಿದ್ದರು, ಮಾತಾಡಿದರೆ ದಮ್ಮು. ತಮ್ಮನ ಹೆಂಡತಿ ಗಂಜಿ ಕುಡಿಸುತ್ತಿದ್ದರು. ನನ್ನನ್ನು ಕಂಡು ಬಾಯಮ್ಮ ಚಮಚ ದೂಡಿ, ಬಟ್ಟಲನ್ನೇ ಎತ್ತಿ, ಸೊರ್ ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಎಳೆದರು. "ದೊಡ್ಡಮ್ಮನಿಗೆ ಹೇಳಿ, ಮರೆತಿಲ್ಲ ಅಂತ." ತಮ್ಮನ ಹೆಂಡತಿಗೆ ನಾಚಿಕೆಯಾಯಿತು. ನನಗೆ ಕಣ್ಣು ತುಂಬಿತು.

ಅವರು ತೀರಿಕೊಂಡದ್ದು ನನಗೆ ತಿಳಿಯುವಾಗ ತಿಂಗಳುಗಳೇ ಕಳೆದಿದ್ದವು. ಕಾರ್ಕಳದಲ್ಲಿ ಅವರಿಗೊಂದು ಗೋರಿ ಉಂಟಂತೆ. ಜಪಸರದ ಜೊತೆ ಆ ಒಡೆದ ಮೌತ್ ಆರ್ಗನ್ನನ್ನೂ ಕೈಯಲ್ಲಿ ಇಟ್ಟರಂತೆ. ಹೋಗಬೇಕು, ಹೋಗಬೇಕು ಎನ್ನುತ್ತಾ ಮನೆ, ಮಕ್ಕಳು, ಅತ್ತೆಯ ಕಾಯಿಲೆ... ಅತ್ತೆಯೂ ಹೋದರು. ನಾನು ಇನ್ನೂ ಕಾರ್ಕಳಕ್ಕೆ ಹೋಗಿಲ್ಲ.

ಮೊನ್ನೆ ದೀಪಗಳನ್ನು ಬಿಸಿಲಿಗೆ ಮಗುಚಿ ಇಟ್ಟ ಮೇಲೆ ಬಾವಿಕಟ್ಟೆಯಲ್ಲಿಯೇ ಕುಳಿತಿದ್ದೆ. ಅತ್ತಿತ್ತ ಯಾರೂ ಇರಲಿಲ್ಲ. ಹುಣಸೆಯ ವಾಸನೆಯ ಎರಡೂ ಕೈಗಳನ್ನು ಬಾಯಿಯ ಮುಂದೆ ಬೊಗಸೆ ಮಾಡಿ, ನಾಲಿಗೆ ಹಿಂದಕ್ಕೆ ತಂದು, ಉಸಿರನ್ನು ಒಳಕ್ಕೆ ಎಳೆದೆ. ಸ್ವರ ಎಲ್ಲಿಂದ ಬರಬೇಕು? ಉಸಿರಷ್ಟೇ ಬಂತು. ದೂರದಲ್ಲಿ ಸಮುದ್ರ ಕೇಳುತ್ತಿತ್ತು. ಅದರ ಕಡೆಗೆ ಮುಖ ಮಾಡಿ, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, "ಜಾಲೆಂ" ಎಂದೆ.